ಹುಲಿಗೂ ಹುಳಿಗೂ ನಡುವೆ ನಮ್ಮ ಮಕ್ಕಳು

ಒಂದನೇ, ಎರಡನೇ ಕ್ಲಾಸಿನ ನಮ್ಮ ಮಕ್ಕಳ ಉಕ್ತಲೇಖನದ ಪುಸ್ತಕ ಬಿಡಿಸಿ ನೋಡಿ. ಕೆಂಪು ಗೆರೆ ಹೆಚ್ಚು ಬಿದ್ದಿರುವುದು ಎಲ್ಲಿ? ‘ಕಣ್ಣು’ ಇರಬೇಕಾದಲ್ಲಿ ‘ಕನ್ನು’, ‘ಹಳ್ಳಿ’ ಇರಬೇಕಾದಲ್ಲಿ ‘ಹಲ್ಲಿ’. ಹಕ್ಕಿ ಕಾಳು ತಿನ್ನುವ ಬದಲು ಕಾಲು ತಿನ್ನುತ್ತದೆ, ಸಾರಿಗೆ ಹಾಕಿದ ಹುಳಿ ಹುಲಿಯಾಗುತ್ತದೆ. ಮೊದಲ ಸಲ ನಗು ಬರುತ್ತದೆ. ಅದೇ ತಪ್ಪು ತಿಂಗಳುಗಟ್ಟಲೆ ಮುಂದುವರಿದರೆ ‘ಇವನ ತಲೆಗೆ ಕನ್ನಡ ಹತ್ತುವುದಿಲ್ಲ’ ಅಂತ ಮನೆಯಲ್ಲೇ ತೀರ್ಮಾನ ಆಗಿಬಿಡುತ್ತದೆ. ಆಮೇಲೆ ಟ್ಯೂಷನ್, ಅದೂ ಆಗದಿದ್ದರೆ ಶಾಲೆ ಬದಲು.

ಮಗು ದಡ್ಡ ಅಲ್ಲ. ನಮ್ಮ ಬ್ಯಾರಿ ಭಾಷೆಯಲ್ಲಿ ನ–ಣ, ಲ–ಳ ಎಂಬ ಭೇದ ಉಳಿದಿಲ್ಲ. ಊರಿಂದ ಊರಿಗೆ ಮಾತು ಸ್ವಲ್ಪ ಬದಲಾಗುವುದುಂಟು, ಆದರೆ ತಮಿಳರ ‘ತಣ್ಣಿ’ ನಮ್ಮ ಬಾಯಲ್ಲಿ ‘ತನ್ನಿ’ಯೇ. ಐದು ವರ್ಷ ಉಮ್ಮನ ಮಾತು ಕೇಳಿ ಬೆಳೆದ ಮಗು ತನ್ನ ಕಿವಿಗೆ ಕೇಳಿಸಿದ್ದನ್ನೇ ಬರೆದಿದೆ. ಸರಿಯಾಗಿ ನೋಡಿದರೆ ಅದು ಪ್ರಾಮಾಣಿಕವಾದ ಬರವಣಿಗೆ. ಹಾಗಿರುವಾಗ ‘ಕಣ್ಣು’ ಅಂತ ಐವತ್ತು ಸಲ ಬರೆಸಿದರೆ ಬೆರಳು ನೋಯುತ್ತದೆ, ಅಷ್ಟೇ. ತಿದ್ದಬೇಕಾದದ್ದು ಕಿವಿ ಮತ್ತು ನಾಲಗೆ.

ಈ ಕೆಲಸ ನಮಗೆ ಹೊಸತೂ ಅಲ್ಲ. ಬೆಳಗ್ಗೆ ಮದ್ರಸದಲ್ಲಿ ಉಸ್ತಾದರು ಮಾಡಿಸುವುದು ಇದನ್ನೇ ಅಲ್ಲವೇ? ಸೀನ್ ಬೇರೆ, ಸ್ವಾದ್ ಬೇರೆ. ನಾವು ಮನೆಯಲ್ಲಿ ಆಡುವ ಮಾತಿನಲ್ಲಿ ಈ ಭೇದವೂ ಇಲ್ಲ. ಆದರೂ ಆರು ವರ್ಷದ ಮಗು ಕಲಿಯುತ್ತದೆ. ಯಾಕೆಂದರೆ ಉಸ್ತಾದರು ಮೊದಲು ತಾವು ಹೇಳಿ ತೋರಿಸುತ್ತಾರೆ, ನಾಲಗೆ ಎಲ್ಲಿ ಮುಟ್ಟಬೇಕು ಅಂತ ಹೇಳಿಕೊಡುತ್ತಾರೆ, ಮಖ್ರಜ್ ಸರಿಯಾಗುವವರೆಗೆ ಬಿಡುವುದಿಲ್ಲ. ಕನ್ನಡದ ಳಕಾರಕ್ಕೂ ಇಷ್ಟೇ ತಾಳ್ಮೆ ಸಾಕು. ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಮುಟ್ಟಿದರೆ ಲ, ಹಿಂದಕ್ಕೆ ಮಡಚಿ ಅಂಗುಳಕ್ಕೆ ಮುಟ್ಟಿದರೆ ಳ. ಆಟವಾಗಿಯೇ ಮಾಡಿ: ನೀವು ‘ಹುಲಿ’ ಅಂದರೆ ಮಗು ಘರ್ಜಿಸಬೇಕು, ‘ಹುಳಿ’ ಅಂದರೆ ಮುಖ ಹಿಂಡಬೇಕು. ಕಿವಿ ಪಳಗಿದ ಮೇಲೆ ಪೆನ್ಸಿಲ್ ಕೊಡಿ.

‘ಮನೆಯಲ್ಲಿ ಬ್ಯಾರಿ ಮಾತಾಡಬೇಡಿ, ಇಂಗ್ಲಿಷಲ್ಲೇ ಮಾತಾಡಿ’ ಎಂಬ ಸಲಹೆ ಕೆಲವು ಶಾಲೆಗಳಿಂದ ಬರುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ಬ್ಯಾರಿ ಮಾಧ್ಯಮದ ಶಾಲೆ ನಮಗಿಲ್ಲ, ಸರಿ. ಆದರೆ ಅಡುಗೆಮನೆ ಉಂಟಲ್ಲ! ಪತ್ತಿರ್ ತಟ್ಟುತ್ತಾ, ಬೀಡಿ ಸುತ್ತುತ್ತಾ ಉಮ್ಮ ಬ್ಯಾರಿಯಲ್ಲಿ ಹೇಳಿದ ಕತೆ ಮಗುವಿಗೆ ಗೊತ್ತಿದ್ದರೆ, ಅದೇ ಕತೆಯನ್ನು ಕನ್ನಡದಲ್ಲಿ ಓದುವಾಗ ಗೊತ್ತಿಲ್ಲದ ಪದವನ್ನೂ ಅದು ಊಹಿಸುತ್ತದೆ. ಕತೆಯೇ ಕೇಳದ ಮಗು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದೀತು, ಏನು ಓದಿದೆ ಅಂತ ಕೇಳಿದರೆ ಸುಮ್ಮನೆ ನಿಂತೀತು.

ಪತ್ತಿರ್ ಅಂದಾಗ ನೆನಪಾಯಿತು: ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ತುರುಕುವುದಕ್ಕಿಂತ ಒಂದು ಉಂಡೆ ಹಿಟ್ಟು ಕೊಡುವುದು ಮೇಲು. ಬೆರಳಿಗೆ ಬಲ ಬರಲಿ.

ಕತೆ ಪುಸ್ತಕಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಚಿತ್ರ ಸಹಿತ ಕನ್ನಡ ಕತೆಗಳು ಮೊಬೈಲಲ್ಲೇ ಉಚಿತವಾಗಿ ಸಿಗುತ್ತವೆ. ಗ್ರಾಮ ಪಂಚಾಯತ್ ಗ್ರಂಥಾಲಯದಲ್ಲಿ ಮಕ್ಕಳ ಹೆಸರು ನೋಂದಾಯಿಸಿ. ಗಲ್ಫ್‌ನಲ್ಲಿರುವ ತಂದೆಯಂದಿರಿಗೂ ಒಂದು ಮಾತು: ವೀಡಿಯೋ ಕಾಲ್‌ನಲ್ಲಿ ‘ಎಷ್ಟು ಮಾರ್ಕ್ಸ್?’ ಅಂತ ಕೇಳುವ ಬದಲು ‘ಇವತ್ತು ಓದಿದ್ದನ್ನು ನನಗೂ ಓದಿ ಹೇಳು’ ಅನ್ನಿ. ಮಧ್ಯೆ ಮಧ್ಯೆ ತಿದ್ದಬೇಡಿ. ಐದು ನಿಮಿಷ ಕೇಳಿ.

ಇನ್ನು ಶಾಲೆಯ ವಿಷಯ. ಬೇರೆ ಮನೆಮಾತಿನ ಟೀಚರಿಗೆ ಬ್ಯಾರಿಯ ಈ ಗುಣ ಗೊತ್ತಿರಬೇಕು ಅಂತೇನಿಲ್ಲ, ಯಾರಾದರೂ ಹೇಳಬೇಕಲ್ಲ. ಮುಂದಿನ ಪೋಷಕರ ಸಭೆಗೆ ಹೋಗುವಾಗ ಮಗುವಿನ ಉಕ್ತಲೇಖನದ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ನ–ಣ, ಲ–ಳ ತಪ್ಪುಗಳಿಗೆ ಬೇರೆ ಗುರುತು ಹಾಕಿ, ಉಳಿದವನ್ನು ಬೇರೆಯಾಗಿ ಎಣಿಸಿ ಅಂತ ಕೇಳಿಕೊಳ್ಳಿ. ಹಾಗೆ ಎಣಿಸಿದರೆ ಎಷ್ಟೋ ಪುಟಗಳಲ್ಲಿ ಉಳಿಯುವುದು ಎರಡೋ ಮೂರೋ ತಪ್ಪು.