ಸೋಲದೇವನಹಳ್ಳಿಯ ತಾಯಿ

ನಟಿಯರ ಬದುಕನ್ನು ಕುರಿತು ನಮ್ಮಲ್ಲಿ ಮಾತು ಹೆಚ್ಚು, ವಿಮರ್ಶೆ ಕಡಿಮೆ. ಆ ಮಾತಾದರೂ ಕಲೆಯನ್ನು ಬಿಟ್ಟು ಮನೆಯೊಳಗಿನ ಸಂಗತಿಗಳ ಕಡೆಗೇ ಹರಿಯುವುದು ವಾಡಿಕೆ. 2023ರ ಡಿಸೆಂಬರ್ 8ರಂದು ನೆಲಮಂಗಲದಲ್ಲಿ ಕಣ್ಮುಚ್ಚಿದ ಲೀಲಾವತಿಯವರ ವಿಷಯದಲ್ಲಿಯೂ ಹೀಗೆಯೇ ಆಯಿತು. ಆಕೆಯ ಸಂಸಾರವನ್ನು ಕುರಿತು ಊಹಿಸಿದವರು ಬಹಳ ಮಂದಿ. ಅಭಿನಯವನ್ನು ತೂಗಿ ನೋಡಿದವರು ಕೆಲವರೇ.

ಬೆಳ್ತಂಗಡಿಯಲ್ಲಿ 1937ರಲ್ಲಿ ಹುಟ್ಟಿದ ಈಕೆ ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು. ಮೈಸೂರಿನಲ್ಲಿ ಮಹಾಲಿಂಗ ಭಾಗವತರ ನಾಟಕ ಮಂಡಳಿಯನ್ನು ಸೇರಿ ಬಣ್ಣ ಹಚ್ಚಿದರು. ಚಲನಚಿತ್ರದಲ್ಲಿ ಮೊದಲು ದೊರೆತವು ಸಣ್ಣಪುಟ್ಟ ಪಾತ್ರಗಳು. 1960ರಲ್ಲಿ ತೆರೆಕಂಡ ‘ರಣಧೀರ ಕಂಠೀರವ’, ‘ರಾಣಿ ಹೊನ್ನಮ್ಮ’ಗಳು ಆಕೆಗೆ ನಾಯಕಿಯ ಸ್ಥಾನವನ್ನು ತಂದುಕೊಟ್ಟವು.

ಆದರೆ ಲೀಲಾವತಿಯವರ ನಿಜವಾದ ಸತ್ತ್ವ ಕಂಡುಬಂದದ್ದು ಸಂಸಾರದ ಭಾರ ಹೊತ್ತ ಹೆಣ್ಣಿನ ಪಾತ್ರಗಳಲ್ಲಿ. ‘ಸಂತ ತುಕಾರಾಂ’ (1963), ‘ಭಕ್ತ ಕುಂಬಾರ’ (1974) ಎರಡರಲ್ಲಿಯೂ ಆಕೆ ಭಕ್ತನ ಮಡದಿ. ಗಂಡನಿಗೆ ದೇವರ ಧ್ಯಾನ. ಹೆಂಡತಿಗೆ ಒಲೆಯ ಚಿಂತೆ. ಪ್ರೇಕ್ಷಕರು ಕೈಮುಗಿಯುವುದು ಭಕ್ತನಿಗೇ ಹೊರತು ಆಕೆಗಲ್ಲ. ಆದರೂ ಆ ಹೆಂಗಸಿನ ಮಾತಿನಲ್ಲಿ ನ್ಯಾಯವಿದೆಯೆಂದು ನಮ್ಮ ಮನಸ್ಸಿಗೆ ತೋರುವಂತೆ ಅಭಿನಯಿಸಿದ್ದು ಸಾಮಾನ್ಯ ಸಾಧನೆಯಲ್ಲ. ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ಯ (1969) ಪಾತ್ರಕ್ಕೆ ರಾಜ್ಯಪ್ರಶಸ್ತಿ ದೊರೆಯಿತು. ಮುಂದೆ, ತಮಗಿಂತ ಎಂಟು ವರ್ಷ ಹಿರಿಯರಾದ ರಾಜಕುಮಾರರಿಗೇ ತಾಯಿಯಾಗಿಯೂ ನಟಿಸಿದರು! ನಾಯಕನಿಗೆ ವಯಸ್ಸಾಗದ ನಮ್ಮ ಚಿತ್ರರಂಗದಲ್ಲಿ ನಾಯಕಿ ಮಾತ್ರ ಬೇಗ ಮುಪ್ಪಾಗುತ್ತಾಳೆ. ಅದಕ್ಕಾಗಿ ಕೊರಗುತ್ತ ಕೂರದೆ ಆ ಮುಪ್ಪಿಗೂ ಘನತೆಯನ್ನು ತಂದುಕೊಟ್ಟದ್ದು ಈಕೆಯ ಹಿರಿಮೆ.

ಬಾಳಿನ ಉತ್ತರಾರ್ಧದಲ್ಲಿ ಆಕೆ ನೆಲೆಸಿದ್ದು ನೆಲಮಂಗಲದ ಬಳಿಯ ಸೋಲದೇವನಹಳ್ಳಿಯಲ್ಲಿ, ಮಗ ವಿನೋದ್ ರಾಜ್ ಅವರೊಡನೆ, ತೋಟದ ಮನೆಯಲ್ಲಿ. ಅಲ್ಲಿ ಗಿಡಮರಗಳನ್ನು ಬೆಳೆಸಿದರು. ಹಳ್ಳಿಯವರಿಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಟ್ಟಡ ಕಟ್ಟಿಸಿಕೊಟ್ಟರು. ದನಕರುಗಳಿಗೂ ಒಂದು ಆಸ್ಪತ್ರೆ ಬೇಕೆಂದು ಪಶುವೈದ್ಯಶಾಲೆಯನ್ನು ಕಟ್ಟಿಸಿದರು. ಅದರ ಬಾಗಿಲು ತೆರೆದದ್ದು ಆಕೆ ತೀರಿಕೊಳ್ಳುವ ಕೆಲವೇ ದಿನಗಳ ಮುಂಚೆ. ಬಣ್ಣದ ಸಂಪಾದನೆ ಹೀಗೆ ಮಣ್ಣಿಗೆ ಸಂದಿತು. ಆ ತೋಟದ ಮಣ್ಣಿನಲ್ಲಿಯೇ ಆಕೆ ಮಲಗಿದ್ದಾರೆ.

ಮಗ ಅಲ್ಲಿ ಸ್ಮಾರಕ ಕಟ್ಟಿಸಿದ್ದಾರೆ. ಅದು ಮಗನ ಧರ್ಮ. ನಮ್ಮ ಧರ್ಮವೇನು? ಗೋಡೆ ಕಟ್ಟಿದ ಮಾತ್ರಕ್ಕೆ ಆಸ್ಪತ್ರೆಯಾಗುವುದಿಲ್ಲ. ವೈದ್ಯರು, ದಾದಿಯರು, ಔಷಧಿ, ಇವು ದಿನವೂ ಇರಬೇಕು. ದಾನಿ ಕೊಟ್ಟದ್ದನ್ನು ನಡೆಸಿಕೊಂಡು ಹೋಗುವುದು ಸರ್ಕಾರದ ಹೊಣೆ. ನಡೆಯುತ್ತಿದೆಯೇ ಎಂದು ಎಚ್ಚರದಿಂದ ನೋಡುವುದು ನಾಗರಿಕರ ಹೊಣೆ. ಸಾಹಿತ್ಯ ಬಲ್ಲವರಿಗೆ ಇನ್ನೊಂದು ಕೆಲಸವಿದೆ: ಲೀಲಾವತಿಯವರ ಪಾತ್ರಗಳನ್ನು ಮತ್ತೆ ನೋಡಿ, ಅವುಗಳ ಗುಣವನ್ನು ಅರಿತು ಬರೆಯುವುದು. ಊಹಾಪೋಹ ಯಾರ ಸ್ಮಾರಕವೂ ಆಗಲಾರದು.

ತೆರೆಯ ಮೇಲೆ ಎಷ್ಟೋ ಮಕ್ಕಳಿಗೆ ತಾಯಿಯಾದವರು ಒಂದು ಹಳ್ಳಿಗೆ ನಿಜವಾಗಿಯೂ ತಾಯಿಯಾದರು. ಆ ಋಣ ನಾಡಿನ ಮೇಲಿದೆ.