ವೃಷಣಕ್ಕೂ ತಲುಪಿದ ಪ್ಲಾಸ್ಟಿಕ್

ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಮಲೆನಾಡಿನ ತೋಟಿಗರೂ ಗಮನಿಸಬೇಕಾಗಿದೆ. ಮರಣೋತ್ತರ ಪರೀಕ್ಷೆಗಳಿಂದ ದೊರೆತ 23 ಪುರುಷರ ಹಾಗೂ ಸಂತಾನಹರಣ ಶಸ್ತ್ರಚಿಕಿತ್ಸೆಗಳಿಂದ ದೊರೆತ 47 ನಾಯಿಗಳ ವೃಷಣಗಳ ಮಾದರಿಗಳನ್ನು ಅವರು ಪರೀಕ್ಷಿಸಿದರು. ಪ್ಲಾಸ್ಟಿಕ್ ಕಣವಿಲ್ಲದ ಮಾದರಿ ಒಂದೂ ಸಿಗಲಿಲ್ಲ. ಒಂದು ಗ್ರಾಂ ಅಂಗಾಂಶದಲ್ಲಿ ನಾಯಿಗಳಿಗೆ ಸರಾಸರಿ 123 ಮೈಕ್ರೊಗ್ರಾಂ, ಮನುಷ್ಯರಿಗೆ 329. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಚೀಲ, ಹೊದಿಕೆಗಳಾಗುವ ಪಾಲಿಥೀನ್. ಪೈಪುಗಳಾಗುವ ಪಿವಿಸಿ ಹೆಚ್ಚಿದ್ದ ನಾಯಿಗಳಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆಯಿತ್ತು. ಮನುಷ್ಯರ ಮಾದರಿಗಳು ಬಹುಕಾಲ ಸಂರಕ್ಷಿಸಿಟ್ಟವಾದ್ದರಿಂದ ಅವುಗಳಲ್ಲಿ ಈ ಎಣಿಕೆ ಸಾಧ್ಯವಾಗಲಿಲ್ಲ.

ಕಣಗಳೇ ಕಾರಣವೆಂದು ಇದರಿಂದ ಸಿದ್ಧವಾಗದು ಎಂಬ ಆಕ್ಷೇಪ ಸರಿಯೇ. ಆದರೆ ‘ಮೊದಲು ಸಾಬೀತಾಗಲಿ’ ಎಂಬ ಮಾತು ಪಶ್ಚಿಮಘಟ್ಟದ ಜನರಿಗೆ ಹೊಸದಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸಿಂಪಡಣೆ ನಿಂತದ್ದು 2000ದಲ್ಲಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆ ಗ್ರಾಮದ 117 ಹುಡುಗರನ್ನು ಬೇರೊಂದು ಊರಿನ 90 ಹುಡುಗರೊಡನೆ ಹೋಲಿಸಿ, ಲೈಂಗಿಕ ಬೆಳವಣಿಗೆ ತಡವಾಗಿರುವುದನ್ನು 2003ರಲ್ಲಿ ಪ್ರಕಟಿಸಿದರು. ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ಆ ಹುಡುಗರ ಬಾಲ್ಯ ಮುಗಿದೇ ಹೋಗಿತ್ತು.

ಎಂಡೋಸಲ್ಫಾನ್ ಆಕಾಶದಿಂದ ಬಂತು. ಪ್ಲಾಸ್ಟಿಕ್ಕನ್ನು ತೋಟಿಗರೇ ಹಣಕೊಟ್ಟು ತರುತ್ತಿದ್ದಾರೆ. ಕೊಳೆರೋಗದಿಂದ ಅಡಿಕೆ ಗೊನೆಯನ್ನು ಕಾಪಾಡಲು ಹಿಂದೆ ಕಟ್ಟುತ್ತಿದ್ದುದು ಕರಡದ ಕೊಟ್ಟೆ. ಅದು ಹಳತಾದರೆ ಮರದ ಬುಡಕ್ಕೇ ಗೊಬ್ಬರ. ಅದರ ಸ್ಥಾನಕ್ಕೆ ಬಂದ ಪ್ಲಾಸ್ಟಿಕ್ ಕೊಟ್ಟೆ ಬಿಸಿಲಿಗೆ ಹರಿದು ಪುಡಿಯಾಗುತ್ತದೆಯೇ ಹೊರತು ಕೊಳೆಯುವುದಿಲ್ಲ. ಆ ಪುಡಿ ಮಳೆಗಾಲದಲ್ಲಿ ಹಳ್ಳ ಸೇರುತ್ತದೆ. (ಕರಡ ಬೆಳೆಯುತ್ತಿದ್ದ ಬ್ಯಾಣಗಳೇ ಕರಗುತ್ತಿರುವಾಗ ಹಳೆಯ ಪದ್ಧತಿಗೆ ಮರಳಿರೆಂದು ಉಪದೇಶಿಸುವುದು ಸುಲಭ, ಮಾಡುವುದು ಕಷ್ಟ.)

ಇನ್ನೊಂದು ಮಾತು. ಮಕ್ಕಳಾಗದ ಮನೆಯಲ್ಲಿ ಹರಕೆ, ಔಷಧ, ಚುಚ್ಚುಮಾತು ಎಲ್ಲವೂ ಸೊಸೆಯ ಪಾಲಿಗೆ. ಗಂಡನ ಪರೀಕ್ಷೆಯ ಮಾತೆತ್ತಿದರೆ ಹಿರಿಯರು ಮುಖ ತಿರುಗಿಸುತ್ತಾರೆ. ಈ ಸಂಕೋಚ ಇರುವತನಕ ಗಂಡಸರಿಗೆ ಆಗಿರಬಹುದಾದ ಹಾನಿ ಯಾವ ಲೆಕ್ಕಕ್ಕೂ ಸಿಗದು. ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ದಂಪತಿಗಳಿಬ್ಬರ ತಪಾಸಣೆಯೂ ವಾಡಿಕೆಯಾಗಬೇಕು. ಕೊಟ್ಟೆ ಮಾರುವ ಸಹಕಾರ ಸಂಘಗಳು ಹರಿದ ಕೊಟ್ಟೆಯನ್ನು ತೂಕ ಮಾಡಿ ಹಿಂದಕ್ಕೆ ಕೊಳ್ಳಬೇಕು. ಈ ಬೇಡಿಕೆಯನ್ನು ಸದಸ್ಯರು ಸಂಘದ ವಾರ್ಷಿಕ ಸಭೆಯಲ್ಲೇ ಮಂಡಿಸಬಹುದು.