ಒಂಬತ್ತು ಬಂದಾಗ ತರಗತಿ ನಕ್ಕಿತು

ಏಳನೆಯ ತರಗತಿ, ಗಣಿತ, ಸರಳ ಸಮೀಕರಣ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ನಾಲ್ಕನೆಯ ಪಾಠ. ನಾನು ಕೊನೆಯ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ‘ಒಂದು ಸಂಖ್ಯೆಗೆ 6 ಕೂಡಿಸಿದರೆ 15 ಬರುತ್ತದೆ. ಆ ಸಂಖ್ಯೆ ಯಾವುದು?’ ಎಂದು ಅವರು ಕೇಳಿದರು. ಇಡೀ ತರಗತಿ ಒಟ್ಟಿಗೆ ‘ಒಂಬತ್ತು’ ಎಂದಿತು. ಎಂದದ್ದೇ ತಡ, ಹುಡುಗರ ಸಾಲಿನಲ್ಲಿ ಕಿಸಕ್ಕನೆ ನಗು. ಏಳೆಂಟು ತಲೆಗಳು ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ಹುಡುಗನ ಕಡೆಗೆ ತಿರುಗಿದವು. ಅವನು ಪೆನ್ಸಿಲ್ ಚೂಪು ಮಾಡುವುದರಲ್ಲೇ ಮುಳುಗಿದವನಂತೆ ತಲೆ ತಗ್ಗಿಸಿದ್ದ. ಪ್ರಶಿಕ್ಷಣಾರ್ಥಿಯೂ ಸಣ್ಣಗೆ ನಕ್ಕು, ‘ಸೈಲೆನ್ಸ್’ ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋದರು. ನಾನು ‘ತರಗತಿ ನಿಯಂತ್ರಣ: ಉತ್ತಮ’ ಎಂದು ಬರೆದೆ.

ಒಂಬತ್ತು ಎಂಬ ಸಂಖ್ಯೆ ನಮ್ಮ ಶಾಲೆಗಳಲ್ಲಿ ಬೈಗುಳ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ನಡಿಗೆ ಸ್ವಲ್ಪ ಮೆತ್ತಗಿದ್ದರೆ, ದನಿ ಒಡೆಯುವುದು ತಡವಾದರೆ, ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡಿದರೆ ಆ ಅಂಕಿ ಹುಡುಗನ ಹೆಸರಾಗಿಬಿಡುತ್ತದೆ. ನಾನೂ ಶಾಲೆಯಲ್ಲಿದ್ದಾಗ ಅದನ್ನು ಕೇಳಿದ್ದೆ, ನಕ್ಕೂ ಇದ್ದೆ. ಅಂದು ಸಂಜೆ ವಿಮರ್ಶಾ ಸಭೆಯಲ್ಲಿ ಪಕ್ಕದಲ್ಲಿದ್ದ ಸಹಪಾಠಿ ವೀಕ್ಷಕಿ ಅದನ್ನು ಎತ್ತದೇ ಹೋಗಿದ್ದರೆ ನಾನು ಬರೆದ ‘ಉತ್ತಮ’ ಹಾಗೆಯೇ ಉಳಿಯುತ್ತಿತ್ತು.

ಈ ಲೇಖನ ಆ ಸಂಜೆಯ ಚರ್ಚೆಯಿಂದ ಹುಟ್ಟಿದ್ದು. ಚರ್ಚೆ ಬೇಗನೆ ತರಗತಿಯಿಂದ ಹೊರಬಿದ್ದು ಮೀಸಲಾತಿಗೆ, ಕಾಯ್ದೆಗೆ, ಟಿ.ವಿ.ಯ ವಾಗ್ವಾದಗಳಿಗೆ ಹೋಯಿತು. ‘ನಮ್ಮ ಸೀಟಿನಲ್ಲಿ ಅವರಿಗೆ ಒಂದು ಪರ್ಸೆಂಟ್ ಕೊಟ್ಟಿದ್ದಾರೆ ಮೇಡಂ’ ಎಂದು ಒಬ್ಬರು ನೇರವಾಗಿಯೇ ಹೇಳಿದರು. ನೇಮಕಾತಿಗಾಗಿ ವರ್ಷಗಟ್ಟಲೆ ಕಾಯುವವರ ಈ ಆತಂಕವನ್ನು ಗದರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ. ಲೆಕ್ಕ ಇಟ್ಟು ಮಾತಾಡಬೇಕು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ತನ್ನ ಲಿಂಗತ್ವವನ್ನು ಗುರುತಿಸಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಈ ಸಮುದಾಯವನ್ನು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ ಶಿಕ್ಷಣದಲ್ಲೂ ಸರ್ಕಾರಿ ಕೆಲಸದಲ್ಲೂ ಮೀಸಲಾತಿ ಕೊಡಿ ಎಂದು ನಿರ್ದೇಶಿಸಿತು. ಕರ್ನಾಟಕ 2017ರಲ್ಲಿ ಒಂದು ರಾಜ್ಯ ನೀತಿಯನ್ನು ಒಪ್ಪಿತು. ಪೊಲೀಸ್ ನೇಮಕಾತಿಯ ಬಗ್ಗೆ ಹೈಕೋರ್ಟಿಗೆ ಹೋದ ಒಂದು ಅರ್ಜಿಯ ಫಲವಾಗಿ 2021ರ ಜುಲೈಯಲ್ಲಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ಬಂತು. ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದಾಯಿತು. ಇದು ಸಮತಲ ಮೀಸಲಾತಿ. ಅಂದರೆ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹೀಗೆ ಪ್ರತಿ ವರ್ಗದ ಒಳಗೇ ಆ ಒಂದು ಪಾಲು. ಅರ್ಹ ಅಭ್ಯರ್ಥಿ ಸಿಗದಿದ್ದರೆ ಹುದ್ದೆ ಖಾಲಿ ಉಳಿಯುವುದಿಲ್ಲ, ಅದೇ ವರ್ಗದ ಪುರುಷ ಅಥವಾ ಮಹಿಳಾ ಅಭ್ಯರ್ಥಿಗೆ ಹೋಗುತ್ತದೆ.

ಈಗ 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯನ್ನು ನೋಡಿ. ಕರೆದದ್ದು 15,000 ಹುದ್ದೆಗಳಿಗೆ. ಶೇ. 1 ಎಂದರೆ ಸರಿಸುಮಾರು 150. ತಾತ್ಕಾಲಿಕ ಪಟ್ಟಿಯಲ್ಲಿ ಆಯ್ಕೆಯಾಗಿ ಬಂದ ಲಿಂಗತ್ವ ಅಲ್ಪಸಂಖ್ಯಾತರು ಮೂವರು. ‘ನಮ್ಮ ಸೀಟು’ ಎಂದವರಿಗೆ ನಾನು ಈ ಎರಡು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಯಾರ ಸೀಟೂ ಹೋಗಲಿಲ್ಲ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಮೀಸಲಿಟ್ಟ ನೂರೈವತ್ತರಲ್ಲಿ ಮೂರು ಬಿಟ್ಟು ಉಳಿದವರು ಎಲ್ಲಿದ್ದರು? ಆ ಹುದ್ದೆಗೆ ಪದವಿ ಬೇಕು, ಶಿಕ್ಷಕ ತರಬೇತಿ ಬೇಕು, ಟಿ.ಇ.ಟಿ. ಪಾಸಾಗಿರಬೇಕು. ಅಲ್ಲಿಗೆ ತಲುಪಬೇಕಾದರೆ ಮೊದಲು ಏಳನೆಯ ತರಗತಿಯ ಗಣಿತದ ಅವಧಿಯನ್ನು ದಾಟಬೇಕು.

2011ರ ಜನಗಣತಿ ಮೊದಲ ಬಾರಿಗೆ ‘ಇತರೆ’ ಎಂಬ ಕಲಂ ಇಟ್ಟಿತು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಅದರಲ್ಲಿ ದಾಖಲಾದರು. ದೇಶದ ಸಾಕ್ಷರತೆ ಶೇ. 74 ಇದ್ದಾಗ ಈ ಗುಂಪಿನದು ಶೇ. 56. ಹೇಳಿಕೊಳ್ಳದವರೇ ಹೆಚ್ಚು ಇರುವ ಗಣತಿಯಿದು, ಆದರೂ ದಿಕ್ಕು ತಿಳಿಯಲು ಸಾಕು. ನಮ್ಮ ರಾಜಕೀಯ ಚರ್ಚೆಯೆಲ್ಲ ಮೆಟ್ಟಿಲಿನ ತುದಿಯ ಬಾಗಿಲಿನ ಬಗ್ಗೆ. ಕೆಳಗಿನ ಮೆಟ್ಟಿಲುಗಳು ಮುರಿದಿರುವುದು ಶಾಲೆಯಲ್ಲಿ. ಶಿಕ್ಷಣದ ಪ್ರವೇಶದಲ್ಲಿ ಮೀಸಲಾತಿ ಎಂಬ ನಾಲ್ಸಾದ ಇನ್ನರ್ಧ ಮಾತು ಇನ್ನೂ ತೆವಳುತ್ತಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪ್ರಕರಣದಲ್ಲಿ ನಮ್ಮ ಹೈಕೋರ್ಟು ಮಧ್ಯಂತರ ಕ್ರಮವಾಗಿ ಶೇ. 0.5ರಷ್ಟು ಕೊಡಿ ಎಂದದ್ದು 2024ರ ಡಿಸೆಂಬರಿನಲ್ಲಿ. ತೀರ್ಪು ಬಂದು ಹತ್ತು ವರ್ಷದ ಮೇಲೆ.

ಇನ್ನು ‘ಇದೆಲ್ಲ ನಗರದವರ, ವಿದೇಶದಿಂದ ಬಂದ ಚರ್ಚೆ, ಹಳ್ಳಿ ಶಾಲೆಗೆ ಯಾಕೆ?’ ಎಂಬ ಮಾತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಒಮ್ಮೆಯಾದರೂ ಹೋದವರು ಈ ಮಾತನ್ನು ಆಡಲಾರರು. ಚೌಡಿಕೆ ಹಿಡಿದ ಜೋಗಪ್ಪಗಳು ಮುತ್ತು ಕಟ್ಟಿಸಿಕೊಂಡು ದೇವಿಯ ಕೊಡ ಹೊತ್ತು ಊರೂರು ತಿರುಗಿದ್ದು ಯಾವ ವಿದೇಶಿ ಪುಸ್ತಕ ಓದಿಯೂ ಅಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ನಾವು ರಾಜ್ಯೋತ್ಸವದ ಭಾಷಣದಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ‘ನಮ್ಮ ಸಂಸ್ಕೃತಿ ಇವರನ್ನು ಮೊದಲೇ ಒಪ್ಪಿತ್ತು’ ಎಂದು ಸಮಾಧಾನ ಮಾಡಿಕೊಳ್ಳುವವರ ಜೊತೆಗೂ ನನಗೆ ಪೂರ್ತಿ ಸಹಮತವಿಲ್ಲ. ಪರಂಪರೆ ಅವರಿಗೆ ಗುಡಿಯ ಅಂಗಳದಲ್ಲಿ ಜಾಗ ಕೊಟ್ಟಿತು. ಶಾಲೆಯ ಬೆಂಚಿನಲ್ಲಿ ಕೊಟ್ಟಿತೇ? ಕೈಮುಗಿದು ಕಾಣಿಕೆ ಹಾಕುವ ಮನೆಯವರೇ ತಮ್ಮ ಮಗನ ಪಕ್ಕ ಅಂಥ ಹುಡುಗ ಕೂತರೆ ಮುಖ್ಯಶಿಕ್ಷಕರ ಕೋಣೆಗೆ ಬರುತ್ತಾರೆ.

ಹೆಚ್ಚು ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಮಕ್ಕಳು ಚಿಕ್ಕವರು, ಇಲ್ಲದ ವಿಚಾರವನ್ನು ಶಿಕ್ಷಕರು ತಲೆಯಲ್ಲಿ ತುಂಬಬಾರದು ಎಂಬುದು. 2021ರ ಅಕ್ಟೋಬರ್ ಕೊನೆಗೆ ಎನ್‌ಸಿಇಆರ್‌ಟಿ ಇಂಥ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಶಿಕ್ಷಕರ ತರಬೇತಿಗೆಂದು ಒಂದು ಕೈಪಿಡಿ ಪ್ರಕಟಿಸಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದು ಜಾಲತಾಣದಿಂದ ಮಾಯವಾಯಿತು. ಹಾಗೆ ಹಿಂತೆಗೆದದ್ದರ ಬಗ್ಗೆ ಮದ್ರಾಸ್ ಹೈಕೋರ್ಟು ಬೇಸರ ವ್ಯಕ್ತಪಡಿಸಿತು. ಆಕ್ಷೇಪಿಸಿದವರೆಲ್ಲ ದುರುದ್ದೇಶದವರು ಎಂದು ನಾನು ಹೇಳಲಾರೆ. ಔಷಧ, ಚಿಕಿತ್ಸೆಯ ಮಾತು ಶಿಕ್ಷಕರ ಕೆಲಸವಲ್ಲ. ಯಾವ ಮಗು ಏನು ಎಂದು ಹಣೆಪಟ್ಟಿ ಹಚ್ಚುವುದಂತೂ ಖಂಡಿತ ಅಲ್ಲ. ಆ ಪುಟಗಳ ಬಗ್ಗೆ ವಾದ ಮಾಡಬಹುದಿತ್ತು, ತಿದ್ದಬಹುದಿತ್ತು. ಇಡೀ ಕೈಪಿಡಿಯನ್ನೇ ತೆಗೆದಾಗ ಅದರ ಜೊತೆ ಕೀಟಲೆ, ಸಮವಸ್ತ್ರ, ಶೌಚಾಲಯದಂಥ ನಿತ್ಯದ ವಿಷಯಗಳೂ ಹೋದವು. ಅದಕ್ಕಿಂತ ಕೆಟ್ಟದ್ದೆಂದರೆ, ‘ಈ ವಿಷಯ ಮುಟ್ಟಿದರೆ ಕೈ ಸುಡುತ್ತದೆ’ ಎಂಬ ಪಾಠವನ್ನು ಶಿಕ್ಷಕರು ಕಲಿತರು.

ಕಿಟಕಿಯ ಪಕ್ಕದ ಆ ಹುಡುಗನ ವಿಷಯಕ್ಕೇ ಬರೋಣ. ಅವನು ಲಿಂಗತ್ವ ಅಲ್ಪಸಂಖ್ಯಾತನೋ ಅಲ್ಲವೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಬೇಕೆಂದಿಲ್ಲ. ಹನ್ನೆರಡು ವರ್ಷದವನು. ಪರ ವಿರೋಧ ಎರಡೂ ಕಡೆಯವರು ಮಗು ‘ಏನು’ ಎಂಬುದರ ಮೇಲೆ ಜಗಳವಾಡುತ್ತಾರೆ. ಪಾಠ ಮಾಡುವವರಿಗೆ ಆ ಉತ್ತರದ ಅಗತ್ಯವೇ ಇಲ್ಲ. ಉತ್ತರ ಏನೇ ಆಗಿದ್ದರೂ ಅವನು ಆ ಅವಧಿಯಲ್ಲಿ ಸಮೀಕರಣ ಕಲಿಯಬೇಕಿತ್ತು, ಕಲಿಯಲಿಲ್ಲ. ಪೆನ್ಸಿಲ್ ಚೂಪು ಮಾಡುತ್ತಾ ಕುಳಿತ. 2019ರ ಕಾಯ್ದೆ ಕೂಡ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ತಾರತಮ್ಯವಿಲ್ಲದ ಶಿಕ್ಷಣ ಕೊಡಬೇಕು ಎಂದಿತು. ಗುರುತಿನ ಪ್ರಮಾಣಪತ್ರ ಜಿಲ್ಲಾಧಿಕಾರಿಗಳಿಂದ ಪಡೆಯಬೇಕು, ಅಪ್ರಾಪ್ತರ ಪರವಾಗಿ ಪೋಷಕರೇ ಅರ್ಜಿ ಹಾಕಬೇಕು ಎಂದೂ ಹೇಳಿತು. ಮನೆಯಲ್ಲೇ ಪೆಟ್ಟು ತಿನ್ನುವ ಮಗುವಿಗೆ ಆ ಕಾಗದ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ನಡವಳಿಕೆ ಕಾಗದಕ್ಕಾಗಿ ಕಾಯಬಾರದು.

‘ಹಾಗಾದರೆ ನಾನೇನು ಮಾಡಬೇಕಿತ್ತು ಮೇಡಂ?’ ಎಂದು ಪಾಠ ಮಾಡಿದವರು ಕೇಳಿದರು. ಉತ್ತರ ಒಂಬತ್ತು ಬಾರದಂತೆ ಲೆಕ್ಕ ಬದಲಿಸಿ ಎಂದು ಒಬ್ಬರ ಸಲಹೆ. (ಹತ್ತರೊಳಗಿನ ಒಂದು ಸಂಖ್ಯೆಯನ್ನೇ ಕೈಬಿಟ್ಟು ಎಷ್ಟು ದಿನ ಗಣಿತ ಕಲಿಸುವುದು?) ‘ಯಾಕೆ ನಕ್ಕಿರಿ?’ ಎಂದು ತರಗತಿಯನ್ನೇ ಕೇಳಿ ಎಂದರು ಇನ್ನೊಬ್ಬರು. ಅದನ್ನು ನಾನು ಒಪ್ಪಲಿಲ್ಲ. ಯಾರಾದರೂ ಉತ್ತರ ಹೇಳಿಬಿಟ್ಟರೆ ಆ ಹುಡುಗನಿಗೆ ಎರಡನೆಯ ಸಲ ಅವಮಾನ. ಅವನನ್ನು ಮುಂದೆ ಕರೆದು ಬೆನ್ನು ತಟ್ಟುವುದೂ ಹಾಗೆಯೇ, ಕನಿಕರವೂ ಬೆರಳು ತೋರಿಸುತ್ತದೆ. ಸಾಕಷ್ಟು ಮಾತಾಡಿ ನಾವು ತಲುಪಿದ್ದು ಇಷ್ಟಕ್ಕೆ: ಶಿಕ್ಷಕರು ಮೊದಲು ತಾವು ನಗಬಾರದು. ಬರೆಯುವುದನ್ನು ನಿಲ್ಲಿಸಿ, ಯಾರನ್ನೂ ನೋಡದೆ, ‘ಈ ತರಗತಿಯಲ್ಲಿ ಸಂಖ್ಯೆ ಯಾರ ಹೆಸರೂ ಅಲ್ಲ’ ಎಂದು ತಣ್ಣಗೆ ಹೇಳಿ ಪಾಠ ಮುಂದುವರಿಸಬೇಕು. ನಕ್ಕವರ ಜೊತೆ ಮಾತು ಆಮೇಲೆ, ಬೇರೆಯಾಗಿ. ತರಗತಿ ಶಿಕ್ಷಕರಿಗೆ ಅದೇ ದಿನ ತಿಳಿಸಬೇಕು, ಏಕೆಂದರೆ ನಾವು ಆರು ವಾರಕ್ಕೆ ಹೊರಟುಹೋಗುವವರು, ಅವರು ಅಲ್ಲೇ ಇರುವವರು.

‘ಲಿಂಗತ್ವ, ಶಾಲೆ ಮತ್ತು ಸಮಾಜ’ ಎಂಬ ಪತ್ರಿಕೆ ನಮ್ಮ ಪಠ್ಯಕ್ರಮದಲ್ಲಿದೆ. ಅಂದು ನಕ್ಕು ಮುಂದೆ ಹೋದ ಪ್ರಶಿಕ್ಷಣಾರ್ಥಿ ಅದರಲ್ಲಿ ಒಳ್ಳೆಯ ಅಂಕ ಪಡೆದವರೇ, ನಾಲ್ಸಾ ತೀರ್ಪಿನ ಬಗ್ಗೆ ಎರಡು ಪುಟ ಬರೆಯಬಲ್ಲವರೇ. ದೋಷ ಅವರದಲ್ಲ, ಆ ಪತ್ರಿಕೆಗೂ ಬೋಧನಾಭ್ಯಾಸಕ್ಕೂ ನಡುವೆ ನಾವು ಕಟ್ಟಿರುವ ಗೋಡೆಯದು. ಪಾಠಯೋಜನೆಯಲ್ಲಿ ಉದ್ದೇಶ, ಬೋಧನೋಪಕರಣ, ಮೌಲ್ಯಮಾಪನ ಎಲ್ಲಕ್ಕೂ ಕಲಂ ಇದೆ. ತರಗತಿಯಲ್ಲಿ ಯಾರು ಅಪಹಾಸ್ಯಕ್ಕೆ ಒಳಗಾದರು ಎಂಬುದಕ್ಕೆ ಇಲ್ಲ.

ನಮ್ಮ ಕಾಲೇಜನ್ನೂ ಬಿಟ್ಟು ಮಾತಾಡುವಂತಿಲ್ಲ. ಪ್ರವೇಶದ ಅರ್ಜಿಯಲ್ಲಿ ಮೂರನೆಯ ಚೌಕ ಮುದ್ರಿಸಿದ್ದೇವೆ. ಯಾರಾದರೂ ಅದಕ್ಕೆ ಗುರುತು ಹಾಕಿ ಬಂದರೆ ಯಾವ ಹಾಸ್ಟೆಲಿನಲ್ಲಿ ಇರುತ್ತಾರೆ, ಯಾವ ಶಾಲೆ ಅವರನ್ನು ಬೋಧನಾಭ್ಯಾಸಕ್ಕೆ ತೆಗೆದುಕೊಳ್ಳುತ್ತದೆ ಎಂದು ಸಿಬ್ಬಂದಿ ಸಭೆಯಲ್ಲಿ ಒಮ್ಮೆಯೂ ಮಾತಾಡಿಲ್ಲ. ಕಾಯ್ದೆ ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕೆಂದಿತು, ನಮ್ಮಲ್ಲಿ ಇಲ್ಲ. ಇದು ಊಹೆಯ ಪ್ರಶ್ನೆಯಲ್ಲ. ಉತ್ತರ ಪ್ರದೇಶದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಕಳೆದುಕೊಂಡ, ಗುಜರಾತಿನ ಇನ್ನೊಂದರಲ್ಲಿ ನೇಮಕದ ಪತ್ರ ಸಿಕ್ಕರೂ ಸೇರಲಾಗದ ಟ್ರಾನ್ಸ್ ಶಿಕ್ಷಕಿಯೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಅಕ್ಟೋಬರಿನಲ್ಲಿ ಕೋರ್ಟು ಪರಿಹಾರ ಕೊಡಿಸಿ, ಕಾಯ್ದೆಯನ್ನು ಜಾರಿ ಮಾಡದೆ ಕೂತ ಸರ್ಕಾರಗಳನ್ನೂ ತರಾಟೆಗೆ ತೆಗೆದುಕೊಂಡಿತು. ಆಕೆಯೂ ಒಂದು ಕಾಲಕ್ಕೆ ಎಲ್ಲೋ ಒಂದು ಶಾಲೆಯಲ್ಲಿ ಏಳನೆಯ ತರಗತಿ ದಾಟಿದವರೇ ತಾನೆ?

ಈ ಸಲದ ಬೋಧನಾಭ್ಯಾಸಕ್ಕೆ ವೀಕ್ಷಣಾ ಪುಸ್ತಕದಲ್ಲಿ ‘ತರಗತಿ ನಿಯಂತ್ರಣ’ದ ಕೆಳಗೆ ಒಂದು ಸಾಲು ಸೇರಿಸಲು ಕೇಳಿದ್ದೇನೆ: ‘ಈ ಅವಧಿಯಲ್ಲಿ ಯಾರನ್ನಾದರೂ ನೋಡಿ ತರಗತಿ ನಕ್ಕಿತೇ? ಆಗ ಶಿಕ್ಷಕರು ಏನು ಮಾಡಿದರು?’ ಮಗುವಿನ ಹೆಸರು ಬರೆಯುವಂತಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, ‘ಎಲ್ಲರೂ ಇಲ್ಲ ಎಂದೇ ತುಂಬುತ್ತಾರೆ ನೋಡಿ’ ಎಂದಿದ್ದಾರೆ. ಅವರ ಮಾತು ನಿಜವಾದರೂ ಆಗಬಹುದು. ಮೊದಲ ವಾರದ ಪುಸ್ತಕಗಳು ಸೋಮವಾರ ನನ್ನ ಮೇಜಿಗೆ ಬರುತ್ತವೆ.